ಪಟ್ಟಿಯಿಂದ ಬಿಟ್ಟುಹೋದ ಕಾರ್ಡು

ಹರಿಹರದಲ್ಲಿ ಹಳೇ ಕಿರ್ಲೋಸ್ಕರ್ ಲೇತ್ ಮಾರಾಟಕ್ಕೆ ಬಂದರೆ ಇವತ್ತಿಗೂ ಕೊಳ್ಳುವವರಿದ್ದಾರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ಯಂತ್ರಾಪುರ ಅನ್ನುವ ಹೆಸರು ಮಾತ್ರ ಊರಿನ ವಿಳಾಸಗಳಲ್ಲಿ ಉಳಿದುಕೊಂಡಿದೆ. ಆದರೆ ಅಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಸಣ್ಣಪುಟ್ಟ ಶೆಡ್ಡುಗಳಲ್ಲಿ ಇನ್ನೂ ಕಬ್ಬಿಣ ಕಡಿಯುತ್ತಿವೆ. ಗೇರ್ ಸವೆದರೆ ಅಳತೆ ತೆಗೆದುಕೊಂಡು ಇನ್ನೊಂದು ಕಡಿದು ಕೊಡುವವರು ಊರಲ್ಲೇ ಸಿಗುತ್ತಾರೆ. ಮಾಡಿದ ಕಂಪನಿ ಇಲ್ಲವಾದ ಮೇಲೂ ಯಂತ್ರ ನಡೆಯುತ್ತಿದೆ ಎಂದರೆ ಕಾರಣ ಇಷ್ಟೇ: ಅದರ ಹೊಟ್ಟೆಯೊಳಗೇನಿದೆ ಅನ್ನುವುದು ಯಾರಿಗೂ ಗುಟ್ಟಲ್ಲ.

ನನ್ನ ಕಸುಬು ಲೇತಿನದಲ್ಲ. ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಬೋರ್ಡಿನ ಮೇಲೆ ‘ಸರ್ವರ್, ನೆಟ್‌ವರ್ಕಿಂಗ್, ಎಎಂಸಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರೂ ಜನ ಕರೆಯುವುದು ‘ಕಂಪ್ಯೂಟರ್ ರಿಪೇರಿಯವ್ರು’ ಎಂದೇ. ಹಾಗೆ ಕರೆಸಿಕೊಳ್ಳುವುದರಲ್ಲಿ ನನಗೆ ಬೇಸರವಿಲ್ಲ. ಬೆಂಗಳೂರಿನ ದೊಡ್ಡ ಆಫೀಸುಗಳು ನಾಲ್ಕಾರು ವರ್ಷ ಬಳಸಿ ಬಿಟ್ಟ ಸರ್ವರ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಇಳಿಯುತ್ತವೆ. ಅಲ್ಲಿಂದ ಲಾರಿ ಪಾರ್ಸೆಲ್ಲಿನಲ್ಲಿ ನಮ್ಮೂರಿಗೆ ಬಂದು ಎಪಿಎಂಸಿಯ ದಲಾಲಿ ಮಂಡಿ, ಅಕ್ಕಿ ಗಿರಣಿ, ಪತ್ತಿನ ಸಹಕಾರ ಸಂಘ, ನರ್ಸಿಂಗ್ ಹೋಮು, ಹರಿಹರದ ಮಷಿನ್ ಶಾಪು, ಹೀಗೆ ಎಲ್ಲೆಲ್ಲೋ ಸೇರಿಕೊಳ್ಳುತ್ತವೆ. ಎಸಿ ಕೋಣೆ, ರ‍್ಯಾಕು ಎಲ್ಲ ಬೆಂಗಳೂರಿನ ಮಾತು. ಇಲ್ಲಿ ಸರ್ವರ್‌ನ ಜಾಗ ಕ್ಯಾಷ್ ಕೌಂಟರಿನ ಹಿಂದಿನ ಕೋಣೆ, ಯುಪಿಎಸ್ ಬ್ಯಾಟರಿಗಳ ಪಕ್ಕ. ಆಯುಧಪೂಜೆಗೆ ಹಚ್ಚಿದ ಕುಂಕುಮ ಮುಂದಿನ ಆಯುಧಪೂಜೆಯವರೆಗೂ ಅದರ ಹಣೆಯ ಮೇಲೆ ಹಾಗೇ ಇರುತ್ತದೆ.

ಈ ಸರ್ವರ್‌ಗಳಿಗೆ ನಾನು ಹಾಕುತ್ತಿದ್ದುದು ಲೈಸೆನ್ಸ್ ದುಡ್ಡಿಲ್ಲದ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಹತ್ತು ಜನ ಕೂತು ಕೆಲಸ ಮಾಡುವ ಆಫೀಸಿಗೆ ತಲಾ ಇಷ್ಟು ಎಂದು ಲೈಸೆನ್ಸ್ ದುಡ್ಡು ಕೊಡುವುದು ಮಂಡಿ ಸಾಹುಕಾರರಿಗೆ ಒಗ್ಗುವುದಿಲ್ಲ. ಸಾಂಬಾ ಹಾಕಿ ಒಂದು ಫೋಲ್ಡರ್ ಹಂಚಿಕೊಟ್ಟರೆ ಟ್ಯಾಲಿ ಡೇಟಾ ಅಲ್ಲಿ ಕೂರುತ್ತದೆ, ಎಲ್ಲರ ವಿಂಡೋಸ್ ಕಂಪ್ಯೂಟರಿಗೂ ಕಾಣುತ್ತದೆ. ಒಮ್ಮೆ ನಿಲ್ಲಿಸಿಬಿಟ್ಟರೆ ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡುವ ಅಗತ್ಯವಿಲ್ಲ. ಕಷ್ಟವೆಲ್ಲ ಆ ‘ಒಮ್ಮೆ ನಿಲ್ಲಿಸುವ’ ಹೊತ್ತಿನಲ್ಲಿ.

ಸರ್ವರ್‌ನ ಡಿಸ್ಕುಗಳು ನೇರವಾಗಿ ಮದರ್‌ಬೋರ್ಡಿಗೆ ಸೇರುವುದು ಅಪರೂಪ. ನಡುವೆ ರೈಡ್ ಕಂಟ್ರೋಲರ್ ಎಂಬ ಕಾರ್ಡ್ ಇರುತ್ತದೆ. ನಾಲ್ಕು ಡಿಸ್ಕುಗಳನ್ನು ಸೇರಿಸಿ ಒಂದೇ ಎಂದು ತೋರಿಸುವುದು, ಒಂದು ಸತ್ತರೆ ಉಳಿದವುಗಳಿಂದ ಲೆಕ್ಕ ಸರಿದೂಗಿಸುವುದು ಅದರ ಕೆಲಸ. ಆ ಕಾರ್ಡಿನ ಜೊತೆ ವ್ಯವಹರಿಸಲು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಒಂದು ತುಂಡು ಪ್ರೋಗ್ರಾಂ ಬೇಕು, ಅದೇ ಡ್ರೈವರ್. ನೆಟ್‌ವರ್ಕ್ ಕಾರ್ಡಿಗೋ ಪ್ರಿಂಟರಿಗೋ ಡ್ರೈವರ್ ಇಲ್ಲದಿದ್ದರೆ ಆಮೇಲೆ ನಿಧಾನಕ್ಕೆ ಹುಡುಕಬಹುದು. ಡಿಸ್ಕಿನ ಕಾರ್ಡಿಗೇ ಇಲ್ಲದಿದ್ದರೆ ಲಿನಕ್ಸ್ ಹಾಕುವುದಕ್ಕೆ ಜಾಗವೇ ಇಲ್ಲ. ಡ್ರೈವರ್ ಇರುವುದು ಡಿಸ್ಕಿನಲ್ಲಿ, ಡಿಸ್ಕ್ ಓದಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡುವವರೆಗೂ ಮದುವೆಯಾಗದು, ಮದುವೆಯಾಗುವವರೆಗೂ ಹುಚ್ಚು ಬಿಡದು. ಈ ಗಂಟು ಬಿಡಿಸಲೆಂದೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಕಟ್ಟೊಂದನ್ನು ಕರ್ನಲ್ ಜೊತೆಗೇ ಮೆಮೊರಿಗೆ ಏರಿಸುತ್ತಾರೆ. ಡಿಸ್ಕಿನ ಡ್ರೈವರ್ ಆ ಕಟ್ಟಿನೊಳಗೆ ಇದ್ದರೆ ಯಂತ್ರ ಏಳುತ್ತದೆ. ಇಲ್ಲದಿದ್ದರೆ ಫ್ಯಾನು ಮಾತ್ರ ತಿರುಗುತ್ತದೆ.

ಇದು ನನಗೆ ಮೊದಲು ಗೊತ್ತಾದದ್ದು 2003ರ ಸುಮಾರಿಗೆ, ಒಂದು ಪತ್ತಿನ ಸಹಕಾರ ಸಂಘದಲ್ಲಿ. ಆಗ ಲಿನಕ್ಸ್ ಸಿಗುತ್ತಿದ್ದುದು ಪತ್ರಿಕೆಯ ಜೊತೆ ಬರುವ ಸಿ.ಡಿ.ಗಳಲ್ಲಿ. ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿ.ಡಿ. ಕೊಟ್ಟ ತಿಂಗಳು ನಮ್ಮ ಪಾಲಿಗೆ ಹಬ್ಬ. ಆ ಸಿ.ಡಿ.ಗಳ ಹಿಂದಿದ್ದ ಅತುಲ್ ಚಿಟ್ನಿಸ್ ಅವರೇ 2001ರಿಂದ ಬೆಂಗಳೂರಿನಲ್ಲಿ ನಡೆದ ಲಿನಕ್ಸ್ ಸಮಾವೇಶಗಳಿಗೂ ಮುಂದಾಳು. 2013ರಲ್ಲಿ ಅವರು ತೀರಿಕೊಂಡಾಗ, ಒಮ್ಮೆಯೂ ಭೇಟಿಯಾಗದ ನನ್ನಂಥ ಎಷ್ಟೋ ಮಂದಿಗೆ ಮನೆಯ ಹಿರಿಯರನ್ನು ಕಳೆದುಕೊಂಡ ಹಾಗಾಯಿತು. ಪುಣೆ-ಬೆಂಗಳೂರು ರಸ್ತೆಯ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತರೂ ಒಂದು ಸಿ.ಡಿ.ಯಷ್ಟು ಡೌನ್‌ಲೋಡ್ ಆಗುವ ಕಾಲ ಅದಾಗಿರಲಿಲ್ಲ.

ಸಂಘದ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲೇ ರೈಡ್ ಇತ್ತು. ಜೊತೆಗೆ ಒಂದು ಫ್ಲಾಪಿ, ಅದರ ಮೇಲೆ ‘ರೆಡ್ ಹ್ಯಾಟ್ 7.3’ ಎಂಬ ಚೀಟಿ. ನನ್ನ ಕೈಯಲ್ಲಿದ್ದುದು ಆಗಷ್ಟೇ ಬಂದಿದ್ದ ರೆಡ್ ಹ್ಯಾಟ್ ಲಿನಕ್ಸ್ 9. ಬೂಟ್ ಆಗುವಾಗ ‘ಲಿನಕ್ಸ್ ಡಿಡಿ’ ಎಂದು ಟೈಪ್ ಮಾಡಿದರೆ ಇನ್‌ಸ್ಟಾಲರ್ ಡ್ರೈವರ್ ಫ್ಲಾಪಿ ಕೇಳುತ್ತಿತ್ತು. ಹಾಕಿದೆ. ಕಿರ್ ಕಿರ್ ಎಂದು ಓದಿತು. ಓದಿಯಾದ ಮೇಲೆ ಸ್ಕ್ರೀನಿನಲ್ಲಿ ಬಂದ ಮಾತು: ಈ ಮಾಡ್ಯೂಲ್ 2.4.18-3 ಕರ್ನಲ್‌ಗೆ ಕಂಪೈಲ್ ಆದದ್ದು, ಇಲ್ಲಿರುವುದು 2.4.20-8. ಅಷ್ಟಕ್ಕೇ ನಿಂತಿತು. ಕಂಪನಿಯವರು ಡ್ರೈವರಿನ ಮೂಲ ಕೋಡ್ ಕೊಟ್ಟಿರಲಿಲ್ಲ, ಕಂಪೈಲ್ ಆದ ಮುದ್ದೆ ಮಾತ್ರ ಕೊಟ್ಟಿದ್ದರು. ಆ ಮುದ್ದೆ ಒಂದೇ ಒಂದು ಕರ್ನಲ್ ಜೊತೆ ಬಾಳ್ವೆ ಮಾಡುತ್ತಿತ್ತು. ಸಂಘದ ಕಾರ್ಯದರ್ಶಿಗೆ ನಾನು ಹೇಳಿದ್ದು ಇಷ್ಟು: “ಈ ರೈಡ್ ಬಂದ್ ಮಾಡಿಬಿಡೋಣ ಸಾರ್. ಎರಡು ಡಿಸ್ಕನ್ನೂ ಬಿಡಿಬಿಡಿಯಾಗಿ ಇಟ್ಟು ಲಿನಕ್ಸಿಂದಲೇ ಜೋಡಿಸ್ತೀನಿ.” ಹಾಗೇ ಮಾಡಿದೆವು. ಅವರ ಠೇವಣಿ ಲೆಡ್ಜರ್‌ಗಳು ಅದರ ಮೇಲೆ ಬಹಳ ವರ್ಷ ನಿಶ್ಚಿಂತೆಯಾಗಿ ಇದ್ದವು.

ಆ ಫ್ಲಾಪಿಯದು ಬರಿಯ ಸೋಮಾರಿತನವಲ್ಲ, ಲಿನಕ್ಸಿನ ಕಡೆಯಿಂದಲೂ ಒಂದು ಹಟವಿದೆ. ಕರ್ನಲ್‌ನ ಒಳಗಿನ ಭಾಗಗಳು ಒಂದಕ್ಕೊಂದು ಕರೆ ಮಾಡುವ ರೀತಿ ಯಾವಾಗ ಬೇಕಾದರೂ ಬದಲಾಗಬಹುದು, ಹೊರಗಿನ ಡ್ರೈವರ್‌ಗಳಿಗಾಗಿ ಅದನ್ನು ಸ್ಥಿರವಾಗಿ ಇಡುವುದಿಲ್ಲ ಅನ್ನುವುದು ಕರ್ನಲ್ ಬರೆಯುವವರ ಘೋಷಿತ ನೀತಿ. ಅವರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಇದನ್ನು ವಿವರಿಸಿ ಬರೆದ ಟಿಪ್ಪಣಿ ಕರ್ನಲ್ ದಾಖಲೆಗಳಲ್ಲೇ ಇದೆ. ನಿಮ್ಮ ಡ್ರೈವರ್ ಕೋಡನ್ನು ನಮ್ಮ ಮರದೊಳಗೆ ಸೇರಿಸಿ, ಆಮೇಲೆ ಏನೇ ಬದಲಾದರೂ ಬದಲಿಸಿದವರೇ ನಿಮ್ಮದನ್ನೂ ಸರಿಮಾಡುತ್ತಾರೆ ಎಂಬುದು ವಾದ. 2007ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾರ್ಡ್‌ವೇರಿನ ವಿವರ ಕೊಡುವ ಕಂಪನಿಗಳಿಗೆ ಬಿಟ್ಟಿಯಾಗಿ ಡ್ರೈವರ್ ಬರೆದುಕೊಡುತ್ತೇವೆ ಎಂದರು. ಫ್ಲಾಪಿ ಹಿಡಿದು ಕೂತಿದ್ದಾಗ ಈ ನೀತಿಯ ಮೇಲೆ ನನಗೆ ಕೋಪ ಬಂದಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. ಏಕೆಂದರೆ ಒಳಗೆ ಸೇರಿದ ಡ್ರೈವರ್‌ಗಳು ಉಳಿದವು, ಹೊರಗೆ ನಿಂತವು ಹೋದವು.

ಉಳಿದದ್ದಕ್ಕೆ ಉದಾಹರಣೆ ಕಾಂಪ್ಯಾಕ್‌ನ ಸ್ಮಾರ್ಟ್ ಅರೇ ಕಾರ್ಡುಗಳು. ಎಂಸಿಸಿ ‘ಬಿ’ ಬ್ಲಾಕಿನ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ಹಳೇ ಪ್ರೋಲಯಂಟ್ ಸರ್ವರ್ ಇತ್ತು, ಒಳಗೆ ಸ್ಮಾರ್ಟ್ ಅರೇ 5ಐ. ಇದರ ಡ್ರೈವರ್ ಸಿಸಿಐಎಸ್‌ಎಸ್ ಮೊದಲಿಂದಲೂ ಕರ್ನಲ್ ಒಳಗೇ ಇದ್ದುದರಿಂದ ಫ್ಲಾಪಿಯ ಗೋಜೇ ಇರಲಿಲ್ಲ. ಒಂದೇ ವಿಚಿತ್ರವೆಂದರೆ, ಎಲ್ಲ ಕಡೆ ಡಿಸ್ಕಿಗೆ ‘ಎಸ್‌ಡಿಎ’ ಎಂಬ ಹೆಸರು ಬಂದರೆ ಇಲ್ಲಿ ‘ಸಿ0ಡಿ0’ ಎಂದು ಬರುತ್ತಿತ್ತು: ಕಂಟ್ರೋಲರ್ ಸೊನ್ನೆ, ಡ್ರೈವ್ ಸೊನ್ನೆ. ಬ್ಯಾಕಪ್ ಸ್ಕ್ರಿಪ್ಟುಗಳಲ್ಲೆಲ್ಲ ಅದನ್ನೇ ಬರೆಯಬೇಕಿತ್ತು. ಆಮೇಲೆ ಎಚ್‌ಪಿಎಸ್‌ಎ ಎಂಬ ಹೊಸ ಡ್ರೈವರ್ ಬಂತು. 2017ರ ಕೊನೆಯಲ್ಲಿ ಬಂದ ಕರ್ನಲ್ 4.14ರಲ್ಲಿ ಸಿಸಿಐಎಸ್‌ಎಸ್ ಅನ್ನು ಪೂರಾ ತೆಗೆದುಹಾಕಿದರು. ಆದರೆ ಅದು ನೋಡಿಕೊಳ್ಳುತ್ತಿದ್ದ ಹಳೇ ಕಾರ್ಡುಗಳನ್ನು ಬೀದಿಗೆ ಬಿಡದೆ ಎಚ್‌ಪಿಎಸ್‌ಎ ಮಡಿಲಿಗೆ ಹಾಕಿದರು. ಹೆಸರು ಬದಲಾದದ್ದರಿಂದ ಸ್ಕ್ರಿಪ್ಟುಗಳು ಎಡವುತ್ತವೆ ನಿಜ, ಡೇಟಾ ಎಲ್ಲೂ ಹೋಗುವುದಿಲ್ಲ. ಮುಂದಿನ ವರ್ಷ ಕರ್ನಲ್ 4.20ರಲ್ಲಿ ಇನ್ನೂ ಸೋಜಿಗದ ಕೆಲಸ ಆಯಿತು. ತೊಂಬತ್ತರ ದಶಕದ ಮೈಲೆಕ್ಸ್ ಕಾರ್ಡುಗಳ ಹಳೇ ಡ್ರೈವರ್ ಡಿಎಸಿ960 ತೆಗೆದು, ಅದೇ ಕಾರ್ಡುಗಳಿಗೆ ಹೊಸದಾಗಿ ಎರಡು ಡ್ರೈವರ್ ಬರೆದು ಸೇರಿಸಿದರು. ಸಿಸಿಐಎಸ್‌ಎಸ್ ತೆಗೆದದ್ದೂ, ಮೈಲೆಕ್ಸಿಗೆ ಹೊಸದು ಬರೆದದ್ದೂ ಒಬ್ಬರೇ, ಹಾನಸ್ ರೈನೆಕೆ. ಇಪ್ಪತ್ತು ವರ್ಷ ಹಳೆಯ, ತಯಾರಿಸಿದ ಕಂಪನಿಯೇ ಇಲ್ಲದ ಕಾರ್ಡಿಗೆ 2018ರಲ್ಲಿ ಹೊಸ ಡ್ರೈವರ್! ವಾರಂಟಿ ಮುಗಿದ ಮರುದಿನ ಫೋನ್ ಎತ್ತದ ಸರ್ವಿಸ್ ಸೆಂಟರುಗಳನ್ನು ಕಂಡ ನನಗೆ ಇದನ್ನು ನಂಬಲು ಸ್ವಲ್ಪ ಹೊತ್ತೇ ಬೇಕಾಯಿತು.

ಇಂಥ ಕಾರ್ಡುಗಳ ಕಂಪನಿಗಳದ್ದೇ ಒಂದು ದೊಡ್ಡ ವಂಶಾವಳಿ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯ ಪಾಲಾಯಿತು. ಅಡಾಪ್ಟೆಕ್‌ನ ರೈಡ್ ವ್ಯವಹಾರ 2010ರಲ್ಲಿ ಪಿಎಂಸಿ-ಸಿಯೆರಾಗೆ, ಅಲ್ಲಿಂದ ಮೈಕ್ರೋಸೆಮಿಗೆ, ಅಲ್ಲಿಂದ 2018ರಲ್ಲಿ ಮೈಕ್ರೋಚಿಪ್‌ಗೆ ಹೋಯಿತು. 3ವೇರ್ ಕಂಪನಿಯನ್ನು ಎಎಂಸಿಸಿ ಕೊಂಡಿತು, ಆಮೇಲೆ ಎಲ್‌ಎಸ್‌ಐ. ಆ ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ, ಆ ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಅನ್ನು ಕೊಂಡು ಅದರ ಹೆಸರನ್ನೇ ತಾನಿಟ್ಟುಕೊಂಡಿತು. ಪ್ರತಿಸಲ ಕೈ ಬದಲಾದಾಗಲೂ ಹಳೇ ಕಾರ್ಡುಗಳ ಡ್ರೈವರ್ ಇಟ್ಟಿದ್ದ ಪುಟಗಳು ಎಲ್ಲೋ ಕಳೆದುಹೋಗುತ್ತವೆ. ಕಾರ್ಡಿನ ಮೇಲಿನ ಚೀಟಿ ನೋಡಿ ಹುಡುಕಲು ಹೊರಟವನಿಗೆ ಸಿಗುವುದು ಮಾಲೀಕರ ಹೆಸರುಗಳೇ ಹೊರತು ಡ್ರೈವರ್ ಅಲ್ಲ.

ಬದಲಾಗದೆ ಉಳಿಯುವುದು ಒಂದೇ, ಕಾರ್ಡಿನ ಸಂಖ್ಯೆ. ಪಿಸಿಐ ಸ್ಲಾಟಿಗೆ ಸೇರುವ ಪ್ರತಿ ಕಾರ್ಡೂ ಎರಡು ಸಂಖ್ಯೆ ಹೊತ್ತುಕೊಂಡೇ ಹುಟ್ಟುತ್ತದೆ, ಒಂದು ತಯಾರಕನದು, ಇನ್ನೊಂದು ಸಾಧನದ್ದು. ಎಲ್‌ಎಸ್‌ಐ ಕಾರ್ಡುಗಳಲ್ಲಿರುವ 1000 ಎಂಬ ತಯಾರಕ ಸಂಖ್ಯೆ ಮೂಲತಃ ಎನ್‌ಸಿಆರ್ ಕಂಪನಿಯದು. ಆ ವಿಭಾಗ ಸಿಂಬಯಾಸ್ ಆಯಿತು, 1998ರಲ್ಲಿ ಎಲ್‌ಎಸ್‌ಐ ಸೇರಿತು, ಈಗ ಬ್ರಾಡ್‌ಕಾಮ್. ಸಂಖ್ಯೆ ಮಾತ್ರ 1000 ಆಗಿಯೇ ಇದೆ. ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಎನ್‌ಎನ್’ ಸೇರಿಸಿದರೆ ಈ ಜೋಡಿ ಸಂಖ್ಯೆ ಕಾಣುತ್ತದೆ. ಕರ್ನಲ್ ಕೂಡ ಡ್ರೈವರ್ ಹುಡುಕುವುದು ಕಂಪನಿಯ ಹೆಸರಿನಿಂದಲ್ಲ, ಈ ಸಂಖ್ಯೆಯಿಂದಲೇ. ಪ್ರತಿ ಡ್ರೈವರ್ ಒಳಗೂ ತಾನು ಯಾವ ಯಾವ ಸಂಖ್ಯೆಯ ಕಾರ್ಡುಗಳನ್ನು ನೋಡಿಕೊಳ್ಳುತ್ತೇನೆ ಎಂಬ ಪಟ್ಟಿ ಇರುತ್ತದೆ. ಸಂಖ್ಯೆ ಪಟ್ಟಿಯಲ್ಲಿದ್ದರೆ ಡ್ರೈವರ್ ಎದ್ದು ಬರುತ್ತದೆ. ಇಲ್ಲದಿದ್ದರೆ ಕಾರ್ಡ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅನಾಥ.

ಈ ಪಟ್ಟಿಯ ಪ್ರತಾಪ ಪೂರ್ತಿ ಗೊತ್ತಾದದ್ದು 2020ರ ಕೊನೆಯಲ್ಲಿ, ಹರಿಹರದಲ್ಲಿ.

ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆ. ಸಿಎನ್‌ಸಿ ಯಂತ್ರಗಳ ಪ್ರೋಗ್ರಾಂ, ಕ್ಯಾಡ್ ಡ್ರಾಯಿಂಗ್, ಬಿಲ್ಲು ಎಲ್ಲ ಒಂದೇ ಟವರ್ ಸರ್ವರ್‌ನಲ್ಲಿ. 2009ರ ಕಾಲದ ಕ್ಸಿಯಾನ್ 5500 ಸರಣಿಯ ಪ್ರೊಸೆಸರ್, ಒಳಗೆ ಎಲ್‌ಎಸ್‌ಐ 1078 ಚಿಪ್ಪಿನ ರೈಡ್ ಕಾರ್ಡು. ರೆಡ್ ಹ್ಯಾಟ್ ಲಿನಕ್ಸನ್ನೇ ಮರುಕಟ್ಟಿ ಬಿಟ್ಟಿಯಾಗಿ ಹಂಚುತ್ತಿದ್ದ ಸೆಂಟ್‌ಒಎಸ್‌ನ 6ನೇ ಆವೃತ್ತಿಯ ಮೇಲೆ ಅದು ಗೊಣಗದೆ ದುಡಿದಿತ್ತು. 2020ರ ನವೆಂಬರ್ 30ಕ್ಕೆ ಆ ಆವೃತ್ತಿಯ ಆಯಸ್ಸು ಮುಗಿಯುತ್ತಿತ್ತು. ಹೊಸದಾಗಿ ಕೊಂಡ ಸ್ಟಾಕ್ ಸಾಫ್ಟ್‌ವೇರ್ ಬೇಡಿದ್ದು 8ನೇ ಆವೃತ್ತಿಯನ್ನೇ, ಹಾಗಾಗಿ ನಡುವಿನ 7ಕ್ಕೆ ನಿಲ್ಲುವಂತಿರಲಿಲ್ಲ. ಕೊರೊನಾ ಕಾಲದ ಮಾಸ್ಕು ಹಾಕಿಕೊಂಡು, ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟಿನಲ್ಲಿ ವಾಡಿಕೆಯಂತೆ ನಿಂತು, ಹದಿನಾಲ್ಕು ಕಿಲೋಮೀಟರು ದಾಟಿ ಹರಿಹರ ಮುಟ್ಟಿದೆ. ಡೇಟಾ ಎಲ್ಲ ಹೊರಗಿನ ಡಿಸ್ಕಿಗೆ ಇಳಿಸಿಯಾಗಿತ್ತು. ಡಿವಿಡಿ ಹಾಕಿ ಇನ್‌ಸ್ಟಾಲರ್ ಶುರುಮಾಡಿದರೆ, ಎಲ್ಲಿ ಹಾಕಲಿ ಎಂದು ಡಿಸ್ಕುಗಳನ್ನು ತೋರಿಸುವ ಜಾಗ ಖಾಲಿ. ಪಕ್ಕಕ್ಕೆ ಚುಚ್ಚಿದ್ದ ಪೆನ್‌ಡ್ರೈವ್ ಕಾಣುತ್ತಿದೆ, ಮುಂದಿನ ಬಾಗಿಲಲ್ಲಿ ಹಸಿರು ದೀಪ ಮಿನುಗಿಸುತ್ತಿರುವ ನಾಲ್ಕು ಡಿಸ್ಕುಗಳು ಕಾಣುತ್ತಿಲ್ಲ.

ಇನ್‌ಸ್ಟಾಲರಿನ ಶೆಲ್‌ಗೆ ಹೋಗಿ ಕೇಳಿದೆ. ಉತ್ತರ ಬಂತು: ರೈಡ್ ಬಸ್ ಕಂಟ್ರೋಲರ್, ಎಲ್‌ಎಸ್‌ಐ ಲಾಜಿಕ್ / ಸಿಂಬಯಾಸ್ ಲಾಜಿಕ್ ಮೆಗಾರೈಡ್ ಎಸ್‌ಎಎಸ್ 1078, [1000:0060]. ಕಾರ್ಡ್ ಇದೆ. ಅದರ ಕೆಳಗೆ ಬರಬೇಕಾದ ‘ಬಳಕೆಯಲ್ಲಿರುವ ಡ್ರೈವರ್’ ಎಂಬ ಸಾಲು ಇಲ್ಲ. ಇದನ್ನು ನೋಡಿಕೊಳ್ಳಬೇಕಾದ ಡ್ರೈವರಿನ ಹೆಸರು ಮೆಗಾರೈಡ್ ಎಸ್‌ಎಎಸ್. ‘ಮಾಡ್‌ಇನ್ಫೊ’ ಕೊಟ್ಟು ನೋಡಿದರೆ ಆ ಮಾಡ್ಯೂಲ್ ಡಿವಿಡಿಯಲ್ಲೇ ಇದೆ! ಅದರ ಪಟ್ಟಿಯನ್ನು ಸಾಲುಸಾಲಾಗಿ ಇಳಿಸುತ್ತಾ ಹೋದೆ. ತಯಾರಕ 1000ದ ಹತ್ತಾರು ಸಾಧನಗಳಿವೆ, 0060 ಇಲ್ಲ. ಹಳೇ ಸೆಂಟ್‌ಒಎಸ್ 6ರ ಬ್ಯಾಕಪ್ಪಿನಲ್ಲಿ ಅದೇ ಡ್ರೈವರ್ ತೆರೆದು ನೋಡಿದರೆ 0060 ಅಲ್ಲಿ ಕೂತಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಕಾರ್ಖಾನೆಯ ಹಿರಿಯ ಫಿಟ್ಟರ್, ಹಿಂದೆ ಕಿರ್ಲೋಸ್ಕರ್‌ನಲ್ಲಿ ದುಡಿದವರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುವುದು.

“ಹಳೇದ್ರಾಗ ನಡೀತಿತ್ತು, ಹೊಸದ್ರಾಗ ನಡೆಯಂಗಿಲ್ಲ ಅಂದ್ರ, ಕಾರ್ಡ್ ಕೆಟ್ಟೈತೇನು ತಮ್ಮಾ?”

“ಕೆಟ್ಟಿಲ್ಲ ಕಾಕಾ. ಪಟ್ಟಿಯಿಂದ ಅದರ ನಂಬರ್ ತೆಗೆದಾರ.”

“ಯಾಕ?”

“ಭಾಳ ಹಳೇದಾತು, ಪರೀಕ್ಷೆ ಮಾಡಿ ನೋಡೋರು ಇಲ್ಲ ಅಂತ.”

“ನಮ್ಮನ್ನ ಕೇಳಿದ್ರ ನಾವ ಹೇಳ್ತಿದ್ವಲ್ಲೋ. ದಿನಾ ನಡಸ್ತೀವಲ್ಲ ಇದನ್ನ.”

ಕಾಕಾನ ಮಾತಿಗೆ ನನ್ನ ಬಳಿ ಆಗ ಉತ್ತರವಿರಲಿಲ್ಲ. ಈಗಲೂ ಪೂರಾ ಇಲ್ಲ. 2019ರ ಮೇ ತಿಂಗಳಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ತೆಗೆದುಹಾಕಿದ ಹಾರ್ಡ್‌ವೇರಿನ ಪಟ್ಟಿಯನ್ನು ಅವರೇ ಬಹಿರಂಗವಾಗಿ ಪ್ರಕಟಿಸಿದ್ದಾರೆ. ಕೆಲವು ಡ್ರೈವರ್‌ಗಳು ಇಡಿಯಾಗಿ ಹೋಗಿವೆ; 3ವೇರ್ ಕಾರ್ಡುಗಳದ್ದು ಹಾಗೆ. ಇನ್ನು ಕೆಲವುಗಳಲ್ಲಿ ಡ್ರೈವರ್ ಉಳಿದು ಹಳೇ ಕಾರ್ಡುಗಳ ಸಂಖ್ಯೆಗಳಷ್ಟೇ ಹೋಗಿವೆ. ಮೆಗಾರೈಡ್ ಎಸ್‌ಎಎಸ್‌ನದು ಈ ಜಾತಿ. 1028:0015, 1000:0060 ಎಲ್ಲ ಒಟ್ಟಿಗೇ ಹೋದವು. ಸೆಂಟ್‌ಒಎಸ್ ಅದನ್ನೇ ಮರುಕಟ್ಟುತ್ತಿದ್ದುದರಿಂದ ಅಲ್ಲೂ ಇರಲಿಲ್ಲ. ಹತ್ತು ವರ್ಷ ಜವಾಬ್ದಾರಿ ಹೊರುತ್ತೇನೆ ಎಂದು ದುಡ್ಡು ತೆಗೆದುಕೊಳ್ಳುವ ಕಂಪನಿ, ತನ್ನ ಲ್ಯಾಬಿನಲ್ಲಿ ಇಲ್ಲದ ಕಾರ್ಡಿಗೆ ಮಾತು ಕೊಡಲಾರದು. ಅದು ನ್ಯಾಯವೇ. ಆದರೆ ಕೋಡ್ ಅಲ್ಲೇ ಇರುವಾಗ, ‘ನನ್ನ ಹೊಣೆಯ ಮೇಲೆ ನಡೆಸುತ್ತೇನೆ’ ಎನ್ನುವವರಿಗೆ ಒಂದು ಸ್ವಿಚ್ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಎಚ್‌ಪಿಎಸ್‌ಎ ಡ್ರೈವರ್‌ಗೆ ಒಂದು ಕಾಲದಲ್ಲಿ ಅಂಥ ಆಯ್ಕೆ ಇತ್ತು, ‘ಅಲೋ ಎನಿ’ ಎಂದು. ಗುರುತಿಲ್ಲದ ಸ್ಮಾರ್ಟ್ ಅರೇ ಕಾರ್ಡನ್ನೂ ಒಮ್ಮೆ ಮುಟ್ಟಿ ನೋಡು ಎಂದು ಹೇಳುವಂಥದ್ದು.

ದಾರಿ ಇತ್ತು. ಇಎಲ್‌ರೆಪೊ ಎಂಬುದು ಸ್ವಯಂಸೇವಕರ ಕೂಟ. ರೆಡ್ ಹ್ಯಾಟ್ ಕೈಬಿಟ್ಟ ಡ್ರೈವರ್‌ಗಳನ್ನು ಸಂಖ್ಯೆ ಮತ್ತೆ ಸೇರಿಸಿ, ಕಟ್ಟಿ, ‘ಕೆಮಾಡ್’ ಪ್ಯಾಕೇಜುಗಳಾಗಿ ಹಂಚುತ್ತಾರೆ. ಇನ್‌ಸ್ಟಾಲ್ ಹೊತ್ತಿಗೆ ಬೇಕಾಗುವ ಡ್ರೈವರ್ ಡಿಸ್ಕನ್ನೂ ಮಾಡಿಡುತ್ತಾರೆ. ಹಿಂದಿನ ಫ್ಲಾಪಿಯ ಜಾಗದಲ್ಲಿ ಈಗ ಪೆನ್‌ಡ್ರೈವ್, ‘ಲಿನಕ್ಸ್ ಡಿಡಿ’ ಇದ್ದದ್ದು ಈಗ ‘ಇನ್‌ಸ್ಟ್ ಡಾಟ್ ಡಿಡಿ’. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ನಾಳೆ ಆ ಸ್ವಯಂಸೇವಕರು ಬೇಸತ್ತು ಬಿಟ್ಟರೂ ಇನ್ನೊಬ್ಬರು ಅದೇ ಒಂದು ಸಾಲು ಸೇರಿಸಿ ಕಟ್ಟಿಕೊಳ್ಳಬಹುದು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆ ಸಣ್ಣ ಫೈಲ್ ಇಳಿಸಿ, ನಮ್ಮ ಡಿವಿಡಿಯ ಆವೃತ್ತಿಗೆ ಸರಿಯಾಗಿ ಹೊಂದುವುದನ್ನೇ ಆರಿಸಿ ಪೆನ್‌ಡ್ರೈವಿಗೆ ಬರೆದು ಬೂಟ್ ಮಾಡಿದೆ. ಡಿಸ್ಕುಗಳ ಜಾಗದಲ್ಲಿ ರೈಡ್ ಕಾರ್ಡಿನ ಹೆಸರು, ಅದರ ಗಾತ್ರ ಎರಡೂ ಬಂದು ಕೂತವು. ಕಾಕಾ “ಬಂತಲ್ಲ!” ಎಂದು ಹೇಳಿ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು.

ಆದರೆ ಇಂಥ ಸಂಸಾರ ಅಷ್ಟು ಸಲೀಸಲ್ಲ. ಕೆಮಾಡ್ ಪ್ಯಾಕೇಜು ಒಂದು ಆವೃತ್ತಿಯೊಳಗಿನ ಕರ್ನಲ್ ಬದಲಾವಣೆಗಳನ್ನು ತಾಳಿಕೊಳ್ಳುತ್ತದೆ. 8.3 ಹೋಗಿ 8.4 ಬಂದಂಥ ಹೊತ್ತಿನಲ್ಲಿ ಕೆಲವೊಮ್ಮೆ ಹಿಂದೆ ಬೀಳುತ್ತದೆ. ಅಂಥದ್ದೊಂದು ಬೆಳಿಗ್ಗೆ ಕಾರ್ಖಾನೆಯ ಕ್ಯಾಡ್ ಹುಡುಗಿ ಫೋನ್ ಮಾಡಿದಳು: “ಸರ್, ಸ್ಕ್ರೀನ್ ಮೇಲೆ ಡ್ರಾಕಟ್ ಅಂತ ಬಂದು ನಿಂತುಬಿಟ್ಟಿದೆ. ಒತ್ತಿದ್ರೆ ಏನೂ ಆಗ್ತಿಲ್ಲ.” ಏನಾಗಿದೆ ಎಂದು ಗೊತ್ತಾಯಿತು. ಹೊಸ ಕರ್ನಲ್ ಎದ್ದಿದೆ, ಅದರ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿನಲ್ಲಿ ನಮ್ಮ ಡ್ರೈವರ್ ಇಲ್ಲ. “ಪವರ್ ಒತ್ತಿ ಮತ್ತೆ ಆನ್ ಮಾಡಮ್ಮ. ನಾಲ್ಕು ಸಾಲು ಬರುತ್ತೆ, ಎರಡನೇ ಸಾಲಿಗೆ ಇಳಿದು ಎಂಟರ್ ಒತ್ತು” ಎಂದೆ. ಹಳೇ ಕರ್ನಲ್ ಅಲ್ಲಿ ಕಾಯುತ್ತಿತ್ತು, ಕೆಲಸ ನಿಲ್ಲಲಿಲ್ಲ. ಆಮೇಲೆ ಕರ್ನಲ್ ಅಪ್‌ಡೇಟು ತನ್ನಷ್ಟಕ್ಕೆ ಆಗದಂತೆ ತಡೆಹಾಕಿ, ಕೆಮಾಡ್ ಬಂದಿದೆಯೇ ನೋಡಿಕೊಂಡೇ ಮುಂದೆ ಹೋಗುವುದು ರೂಢಿಯಾಯಿತು.

ಅಷ್ಟರಲ್ಲಿ ಸೆಂಟ್‌ಒಎಸ್ 8 ಸಹ 2021ರ ಡಿಸೆಂಬರ್ 31ಕ್ಕೇ ನಿಲ್ಲುತ್ತದೆ ಎಂಬ ಪ್ರಕಟಣೆ ಬಂದಿತ್ತು. 2029ರವರೆಗೆ ನಡೆಯಬೇಕಾಗಿದ್ದದ್ದು ಅದು. ಅದರ ಜಾಗ ತುಂಬಲು 2021ರಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹುಟ್ಟಿದವು. ನಾವು ಆಲ್ಮಾಗೆ ಹೋದೆವು.

ಡ್ರೈವರ್ ಸಿಕ್ಕಿತೆಂದರೆ ಎಲ್ಲ ಮುಗಿದಂತಲ್ಲ, ಕಾರ್ಡ್ ಸತ್ತರೆ ಅನ್ನುವ ಪ್ರಶ್ನೆ ಬೇರೆಯೇ ಇದೆ. ಈ ಕಾರ್ಡುಗಳಲ್ಲಿ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ಇನ್ನೂ ಡಿಸ್ಕಿಗೆ ಇಳಿಯದ ಡೇಟಾವನ್ನು ಕಾಪಾಡುವುದು ಅದರ ಕೆಲಸ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಈ ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಬ್ಯಾಟರಿ ಸತ್ತಿದೆ ಎಂದು ಗೊತ್ತಾದ ಕೂಡಲೇ ಕಾರ್ಡ್ ತನ್ನ ಕ್ಯಾಷ್ ಮೆಮೊರಿಯನ್ನು ನಂಬುವುದನ್ನು ನಿಲ್ಲಿಸಿ ಪ್ರತಿಯೊಂದನ್ನೂ ಡಿಸ್ಕಿಗೆ ಬರೆದ ಮೇಲೇ ‘ಆಯಿತು’ ಅನ್ನುತ್ತದೆ. ಆಗ ಫೋನ್ ಬರುತ್ತದೆ: “ಟ್ಯಾಲಿ ಯಾಕೋ ತೆವಳ್ತಾ ಐತೆ ನೋಡ್ರಿ.” ಟ್ಯಾಲಿಯ ತಪ್ಪೂ ಇಲ್ಲ, ಲಿನಕ್ಸಿನದೂ ಇಲ್ಲ. ಹೊಸ ಬ್ಯಾಟರಿ ತರಿಸೋಣ ಎಂದರೆ ಅದೂ ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿದ್ದ ‘ಹೊಸದು’. ಇನ್ನು ಕಾರ್ಡೇ ಸುಟ್ಟರೆ, ನಾಲ್ಕು ಡಿಸ್ಕಿನ ಮೇಲೆ ಹರಡಿರುವ ಡೇಟಾದ ಲೆಕ್ಕ ಆ ಕಾರ್ಡಿನ ಕುಲದವರಿಗೆ ಮಾತ್ರ ಅರ್ಥವಾಗುತ್ತದೆ. ಹಾಗಾಗಿ ಎಸ್.ಪಿ. ರಸ್ತೆಯಿಂದ ಅದೇ ಚಿಪ್ಪಿನ ಇನ್ನೊಂದು ಕಾರ್ಡ್ ತಂದು ಬೀರುವಿನಲ್ಲಿ ಇಡಿಸಿದೆ. ಈ 1078 ಚಿಪ್ಪಿಗೆ ಎರಡು ಟಿಬಿಗಿಂತ ದೊಡ್ಡ ಡಿಸ್ಕು ಆಗುವುದೂ ಇಲ್ಲ. ಅಂಗಡಿಯಲ್ಲಿ ಈಗ ಸಿಗುವುದರಲ್ಲಿ ಹೆಚ್ಚಿನದು ಅದಕ್ಕಿಂತ ದೊಡ್ಡದು.

ಇದನ್ನೆಲ್ಲ ಕಂಡ ಮೇಲೆ ನನ್ನ ತೀರ್ಮಾನ ಗಟ್ಟಿಯಾಗಿದೆ: ನಮ್ಮಂಥ ಊರಿನ ಸಣ್ಣ ಆಫೀಸಿಗೆ ಹಾರ್ಡ್‌ವೇರ್ ರೈಡ್ ಬೇಡ. ಡಿಸ್ಕುಗಳನ್ನು ಇದ್ದ ಹಾಗೇ ತೋರಿಸುವ ಸಾದಾ ಕಾರ್ಡು ಸಾಕು, ಜೋಡಿಸುವ ಕೆಲಸ ಲಿನಕ್ಸಿನ ‘ಎಂಡಿಅಡ್ಮಿನ್’ಗೆ ಬಿಡಿ. ಸರ್ವರ್ ಸುಟ್ಟುಹೋದರೂ ಆ ಡಿಸ್ಕುಗಳನ್ನು ಬಿಚ್ಚಿ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಲಿನಕ್ಸ್ ಓದಿಕೊಳ್ಳುತ್ತದೆ. ಅಂದು ಸಹಕಾರ ಸಂಘದಲ್ಲಿ ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ಈಗ ಬೇಕೆಂದೇ ಮಾಡುತ್ತೇನೆ. ದೊಡ್ಡ ಡೇಟಾ ಸೆಂಟರಿನವರು ಇದಕ್ಕೆ ನಗಬಹುದು. ಅವರ ಬಳಿ ಬಿಡಿಭಾಗ ತಂದುಕೊಡಲು ನಾಲ್ಕು ಗಂಟೆಯ ಕರಾರಿನ ಇಂಜಿನಿಯರ್ ಇರುತ್ತಾನೆ. ಹರಿಹರದಲ್ಲಿ ಇರುವವನು ನಾನು.

2024ರ ಮೇ ತಿಂಗಳಲ್ಲಿ ಆಲ್ಮಾಲಿನಕ್ಸ್ 9.4 ಬಂತು. ರೆಡ್ ಹ್ಯಾಟ್ ಕೈಬಿಟ್ಟಿದ್ದ ಹಳೇ ಸಂಖ್ಯೆಗಳನ್ನು ಅದರವರು ತಾವಾಗಿಯೇ ಮತ್ತೆ ಪಟ್ಟಿಗೆ ಸೇರಿಸಿದ್ದರು: ಮೆಗಾರೈಡ್ ಎಸ್‌ಎಎಸ್, ಎಚ್‌ಪಿಎಸ್‌ಎ, ಎಎಸಿರೈಡ್, ಎಂಪಿಟಿ3ಎಸ್‌ಎಎಸ್ ಎಲ್ಲ. ಪೆನ್‌ಡ್ರೈವಿನ ಸರ್ಕಸ್ಸು ಇಲ್ಲದೆ ಡಿಸ್ಕು ಕಾಣುವಂತಾಯಿತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಈ ಪಾಡೇ ಇರಲಿಲ್ಲ. ಮೂಲ ಕರ್ನಲ್‌ನಲ್ಲಿ 0060 ಎಂದೂ ಹೋಗಿರಲಿಲ್ಲ, ಡೆಬಿಯನ್ ಅದನ್ನು ಹಾಗೇ ಇಟ್ಟುಕೊಂಡಿತ್ತು. ‘ಲಿನಕ್ಸಿನಲ್ಲಿ ಈ ಕಾರ್ಡಿಗೆ ಸಪೋರ್ಟ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಯಾವ ಲಿನಕ್ಸಿನಲ್ಲಿ ಎಂದು ತಿರುಗಿ ಕೇಳಬೇಕು. ಕರ್ನಲ್‌ನಲ್ಲಿ ಇಲ್ಲದಿರುವುದು ಬೇರೆ, ಹಂಚುವವರು ತೆಗೆದಿರುವುದು ಬೇರೆ.

ಕತ್ತರಿ ಈಗ ಕಾರ್ಡಿನಿಂದ ಪ್ರೊಸೆಸರಿಗೂ ಬಂದಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ 9ನೇ ಆವೃತ್ತಿಗೆ ಬೇಕಾದ ಕನಿಷ್ಠ ಮಟ್ಟವನ್ನು ಕ್ಸಿಯಾನ್ 5500 ಹೇಗೋ ದಾಟುತ್ತದೆ, ಅದರ ಹಿಂದಿನ 5400 ದಾಟುವುದಿಲ್ಲ. 2025ರಲ್ಲಿ ಬಂದ 10ನೇ ಆವೃತ್ತಿ ಕೇಳುವುದು 2013ರ ಹ್ಯಾಸ್ವೆಲ್ ಮಟ್ಟದ ಪ್ರೊಸೆಸರನ್ನು. ಅದಕ್ಕೆ ನಮ್ಮ ಹರಿಹರದ ಸರ್ವರ್ ಅನರ್ಹ. ಆಲ್ಮಾದವರು ಹಳೇ ಮಟ್ಟಕ್ಕೂ ಪ್ರತ್ಯೇಕವಾಗಿ ಕಟ್ಟಿ ಕೊಡುತ್ತಿದ್ದಾರೆ. ಆದರೂ ಕಾರ್ಖಾನೆಯವರಿಗೆ ಇನ್ನು ಬೇರೆ ಯಂತ್ರ ನೋಡಿ ಎಂದಿದ್ದೇನೆ. ಹದಿನೈದು ವರ್ಷ ದುಡಿದ ಮೇಲೆ ಅದರ ಕರೆಂಟ್ ಬಿಲ್ಲೇ ಹೊಸದರ ಕಂತಿಗೆ ಸಾಕಾಗುತ್ತದೆ. ಹಳೆಯದನ್ನೆಲ್ಲ ಉಳಿಸಲೇಬೇಕೆಂಬ ವ್ರತ ನನ್ನದಲ್ಲ. ಯಾವಾಗ ಬಿಡಬೇಕು ಅನ್ನುವುದನ್ನು ಇಟ್ಟುಕೊಂಡವರೇ ತೀರ್ಮಾನಿಸುವಂತಿರಬೇಕು ಅಷ್ಟೇ.

ನಿಮ್ಮ ಆಫೀಸಿನ ಮೂಲೆಯಲ್ಲೂ ಇಂಥದ್ದೊಂದು ಸರ್ವರ್ ಇದ್ದರೆ, ಅದು ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ಕೆಲಸ ಮಾಡಿಸಿಡಿ. ಡಿಸ್ಕಿನ ಕಾರ್ಡಿನ ಜೋಡಿ ಸಂಖ್ಯೆ, ಡ್ರೈವರಿನ ಹೆಸರು, ಈಗ ನಡೆಯುತ್ತಿರುವ ಕರ್ನಲ್ ಆವೃತ್ತಿ, ರೈಡ್ ಕಾರ್ಡಿನದೋ ಲಿನಕ್ಸಿನದೋ ಅನ್ನುವ ವಿವರ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಅಂಟಿಸಿ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರು ದುಡ್ಡು ಕೊಡುವ ಮೊದಲೇ ಅಂಗಡಿಯವನಿಂದ ಆ ಸಂಖ್ಯೆ ಕೇಳಿ ಪಡೆಯಿರಿ. ರಿಪೇರಿಗೆ ಬರುವವನು ನಾನಾಗಲಿ, ಇನ್ನೊಬ್ಬನಾಗಲಿ, ಮೊದಲು ಕೇಳುವುದು ಅದನ್ನೇ.